ಮುಚ್ಚಳದ ಒಳಗಿನ ಹೆಸರು

"ಗುರುಗಳೇ, ನಾನೇ ಯೋಚಿಸಿ, ನಾನೇ ನಿಂತು ಕಟ್ಟಿಸಿದ ಶಾಲೆ. ಬಾಗಿಲ ಕಲ್ಲಿನ ಮೇಲೆ ನನ್ನ ಹೆಸರೊಂದೇ ಇದ್ದರೆ ತಪ್ಪೇನು?" ಎಂದು ಶಿಷ್ಯ ಕೇಳಿದ. ಕಲ್ಲು ಸಿದ್ಧವಾಗಿತ್ತು. ಕೆತ್ತುವವನು ಉಳಿ ಹಿಡಿದು ಅಂಗಳದಲ್ಲಿ ಕಾಯುತ್ತಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ದೊಡ್ಡ ತಲೆಯವರ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆ ತಲೆಗೆ ಕೈಯಾದವರ ಕತೆ ಯಾರಿಗೂ ಬೇಡ. ಎರಡನ್ನೂ ಕೇಳು" ಎಂದು ಶುರು ಮಾಡಿದರು.

ಒಬ್ಬ ಯಂತ್ರಗಾರನಿದ್ದ. ರೇಡಿಯೊ ಮಾಡುತ್ತಿದ್ದ. ಬೇರೆಯವರ ರೇಡಿಯೊಗೆ ತಿರುಗಿಸುವ ಗುಂಡಿ ಒಂಬತ್ತು. ಇವನು ಒಂದೊಂದನ್ನೇ ಕಿತ್ತುಹಾಕುತ್ತ ಬಂದು ಒಂದಕ್ಕೆ ನಿಂತ. 'ರೊಟ್ಟಿ ಬಡಿಯುವವಳು ಹಿಟ್ಟಿನ ಕೈಯಲ್ಲೇ ತಿರುಗಿಸಬೇಕು. ಅವಳ ತಲೆ ತಿನ್ನುವ ಗುಂಡಿ ನನಗೆ ಬೇಡ' ಅನ್ನುತ್ತಿದ್ದ. ಪೆಟ್ಟಿಗೆಯ ಒಳಗೂ ತಂತಿಗಳು ಸಾಲಾಗಿ ಕೂತಿರಬೇಕು. 'ಒಳಗೆ ಯಾರು ನೋಡುತ್ತಾರೋ ಮಾರಾಯ?' ಎಂದು ಪಾಲುದಾರರು ನಗುತ್ತಿದ್ದರು. 'ನಾನು ನೋಡುತ್ತೇನೆ' ಅನ್ನುತ್ತಿದ್ದ. 'ನಾನು' ಎಂಬುದು ಅವನ ಬಾಯಿಂದ ಇಳಿಯುತ್ತಲೇ ಇರಲಿಲ್ಲ.

ಒಮ್ಮೆ ತಂತಿ ಜೋಡಿಸುವ ಹೆಂಗಸರ ಸಾಲಿಗೆ ಬಂದ. ಒಬ್ಬಳು ಹಾಕಿದ ಸುತ್ತು ಉಳಿದವರದಕ್ಕೆ ಎದುರು ದಿಕ್ಕಿಗಿತ್ತು. ಅವಳು ಎಡಗೈಯವಳು. ಎಲ್ಲರ ಮುಂದೆ ಬೈದ. ಅವಳು ಅಂಜಲಿಲ್ಲ. 'ಸಾಹೇಬ್ರ, ಎಳೆದು ನೋಡ್ರಿ. ಬಿಚ್ಚಿ ಬಂದ್ರ ಬೈರಿ' ಎಂದಳು. ಎಳೆದ. ಬರಲಿಲ್ಲ. ಗಟ್ಟಿಯಿದೆ ಎನ್ನದೆ ಮುಂದಿನವಳತ್ತ ಹೋದ.

ಅವನ ಬಿರುಸು ತಾಳಲಾರದೆ ಪಾಲುದಾರರು, ಅವನೇ ಕಟ್ಟಿದ ಕಾರ್ಖಾನೆಯಿಂದ ಅವನನ್ನು ಹೊರಗೆ ಹಾಕಿದರು. ಆಮೇಲೆ ಗುಂಡಿಗಳು ಮತ್ತೆ ಹೆಚ್ಚಿದವು. ತಂತಿಗಳನ್ನು ಹೇಗೋ ತುರುಕಿದರು. ಕೊಳ್ಳುವವರು ದೂರವಾದರು. ಹನ್ನೆರಡು ವರ್ಷದ ಮೇಲೆ, ಬಾಗಿಲು ಮುಚ್ಚುವ ಹೊತ್ತಿಗೆ, 'ಬಂದು ಉಳಿಸು' ಎಂದು ಹೇಳಿಕಳಿಸಿದರು. ಅವನು ಹೊರಟ. ಷರತ್ತೊಂದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡ: ಪ್ರತಿ ರೇಡಿಯೊದ ಮುಖದ ಮೇಲೆ ನನ್ನ ಹೆಸರು ದಪ್ಪಕ್ಷರದಲ್ಲಿ ಇರಬೇಕು. ಒಪ್ಪದಿದ್ದರೆ ಕಾರ್ಖಾನೆ ಮುಚ್ಚಿಹೋಗಲಿ.

ಬಸ್ಸು ಬದಲಿಸುವ ಊರಿನಲ್ಲಿ ಒಂದು ರಿಪೇರಿ ಅಂಗಡಿ. ಅಲ್ಲೊಬ್ಬ ಅಜ್ಜ ಇವನದೇ ಹಳೆಯ ರೇಡಿಯೊ ಬಿಚ್ಚಿಕೊಂಡು ಕೂತಿದ್ದ. ಅಜ್ಜನ ಕಣ್ಣು ಹೋಗಿತ್ತು. ಬೆರಳಿನಿಂದಲೇ ತಂತಿ ಹಿಡಿದು ಕೆಟ್ಟ ಜಾಗ ಹುಡುಕುತ್ತಿದ್ದ.

'ಕಾಣದೆ ಹೇಗೆ ಮಾಡುತ್ತೀ ಅಜ್ಜ?'

'ಇದೊಂದನ್ನ ಮಾಡ್ತೀನಿ ತಮ್ಮಾ. ಉಳಿದವು ಒಳಗ ಕಾಗಿ ಗೂಡು. ಇದರಾಗ ಎಲ್ಲಾ ತಮ್ಮ ತಮ್ಮ ಜಾಗದಾಗ ಅದಾವು. ಕಣ್ಣು ಹೋದ ಮ್ಯಾಲೂ ಇದು ನನಗ ಅನ್ನ ಹಾಕ್ಯದ.'

ಯಂತ್ರಗಾರನ ಎದೆ ಉಬ್ಬಿತು. 'ಅದನ್ನು ಮಾಡಿದವನು ನಾನೇ' ಎಂದ.

ಅಜ್ಜ ಅವನ ಕೈ ಹಿಡಿದು ಸವರಿ ನೋಡಿ ನಕ್ಕ. 'ಈ ಕೈಮ್ಯಾಲ ಬೆಸುಗಿ ಸುಟ್ಟ ಕಲಿ ಒಂದೂ ಇಲ್ಲ. ಸುಳ್ಳು ಯಾಕ? ಮಾಡಿದವರು ಎಡಗೈಯವರು, ಸುತ್ತು ಎದುರಿಗೈತಿ. ಆ ಕೈ ಹಾಕಿದ್ದು ಒಂದೂ ಇವತ್ತಿನ ತನಕ ಬಿಟ್ಟಿಲ್ಲ. ದಿನಾ ಅಂಗಡಿ ತೆರೆಯೂ ಮುಂದ ಅವರಿಗೊಂದು ಕೈ ಮುಗೀತೀನಿ. ಹೆಸರು ಗೊತ್ತಿದ್ರ ಹೇಳು.'

ಅವನಿಗೆ ಗೊತ್ತಿರಲಿಲ್ಲ. ಬೈಯುವಾಗಲೂ ಕೇಳಿರಲಿಲ್ಲ.

ಕಾರ್ಖಾನೆಯ ಬಾಗಿಲಲ್ಲಿ ಪಾಲುದಾರರು ಹಾರ ಹಿಡಿದು ನಿಂತಿದ್ದರು. 'ನೀವು ಹೊರಗೆ ಹಾಕದಿದ್ದರೆ ದಾರಿಯಲ್ಲಿ ನನಗೆ ಒಬ್ಬ ಅಜ್ಜ ಸಿಗುತ್ತಿರಲಿಲ್ಲ. ನಿಮಗೂ ಒಂದು ನಮಸ್ಕಾರ' ಎಂದು ಹಾರ ಇಸಿದುಕೊಂಡು ನೇರ ತಂತಿ ಸಾಲಿಗೆ ನಡೆದ. ಆ ಎಡಗೈಯವಳು ಅಲ್ಲೇ ಇದ್ದಳು. ತಲೆ ನರೆತಿತ್ತು. ಹಾರ ಮುಂದಿಟ್ಟು, ಕೈ ಮುಗಿದು, ಹೆಸರು ಕೇಳಿದ.

'ಮಾಳವ್ವ' ಎಂದಳು. 'ಗಟ್ಟಿ ಐತಿ ಅನ್ನಾಕ ಹನ್ನೆರಡು ವರ್ಷ ಬೇಕಾತೇನ್ರಿ ಸಾಹೇಬ್ರ?'

ಸಾಲಿಗೆ ಸಾಲೇ ನಕ್ಕಿತು. ಅವನೂ ನಗುತ್ತ ಕಣ್ಣೊರೆಸಿಕೊಂಡ. ಜೇಬಿನ ಚೀಟಿ ಹರಿದುಹಾಕಿದ.

ಹೊಸ ರೇಡಿಯೊಗೆ ಮತ್ತೆ ಒಂದೇ ಗುಂಡಿ. ಮುಖದ ಮೇಲೆ ಯಾರ ಹೆಸರೂ ಇಲ್ಲ. ಹಿಂದಿನ ಮುಚ್ಚಳದ ಒಳಗೆ ಜೋಡಿಸಿದವರ ಹೆಸರು, ಬೆರಳಿಗೆ ತಾಗುವ ಉಬ್ಬಕ್ಷರದಲ್ಲಿ. ಮೊದಲನೆಯದು ಆ ಅಜ್ಜನಿಗೆ ಹೋಯಿತು.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಕನಸು ಕಂಡವನಿಗೆ ಏನೂ ಇಲ್ಲವೇ?" ಎಂದ.

"ಅವನಿಲ್ಲದೆ ಆ ಒಂದು ಗುಂಡಿ ಇರುತ್ತಿರಲಿಲ್ಲ, ಅದು ಮಾಳವ್ವನಿಗೂ ಗೊತ್ತು" ಎಂದರು ಗುರುಗಳು. ಆಮೇಲೆ ಅಂಗಳದ ಕಡೆ ಕೈ ತೋರಿಸಿದರು.

"ಬೆಳಗಿನಿಂದ ಉಳಿ ಹಿಡಿದು ನಿನ್ನ ಹೆಸರಿಗಾಗಿ ಕಾಯುತ್ತಿದ್ದಾನಲ್ಲ, ಅವನ ಹೆಸರೇನು?"