ವಿಭೂತಿಯೊಳಗಿನ ಮಣ್ಣು

ಹೊಳೆ ಬಳಸಿಕೊಂಡು ಹೋಗುವ ತಿರುವಿನಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಮರುಳಪ್ಪ ಎಂಬ ಗುರುಗಳಿದ್ದರು. ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅಜ್ಜಾರಿಗೆ ಗಿಡಮೂಲಿಕೆಯ ಒಂದು ತೋಟ. ಆ ತೋಟಕ್ಕೆ ನೀಲವ್ವ ಎಂಬ ಶಿಷ್ಯೆ. ಹನ್ನೆರಡು ವರ್ಷದಿಂದ ಅವಳು ಅದೇ ಮಣ್ಣನ್ನು ಕೆದಕಿದ್ದಳು. ಯಾವ ಗಿಡಕ್ಕೆ ಎಷ್ಟು ಚೊಂಬು ನೀರು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು.

ಒಂದು ದಿನ ಕಡಲಾಚೆಯ ದ್ವೀಪದಿಂದ ಓಲೆ ಬಂತು.

“ನಮ್ಮ ವೈದ್ಯರು ತೀರಿಹೋದರು. ಮಕ್ಕಳು ಚಳಿಜ್ವರದಲ್ಲಿ ನರಳುತ್ತಿದ್ದಾರೆ. ಗಿಡ ಬಲ್ಲವರೊಬ್ಬರನ್ನು ಕಳಿಸಿ, ಗಿಡಗಳನ್ನೂ ಕಳಿಸಿ. ಒಂದೊಂದಕ್ಕೂ ಹೆಸರು, ಊರು ಬರೆದು ಕಟ್ಟಿರಬೇಕು. ಮಣ್ಣು ಮಾತ್ರ ಒಂದು ಚಿಟಿಕೆಯೂ ಬರಕೂಡದು. ಹಿಂದೊಮ್ಮೆ ಹೊರಗಿನ ಮಣ್ಣಿನೊಡನೆ ಬಂದ ಕಳೆ ನಮ್ಮ ಗೆಣಸಿನ ಹೊಲಗಳನ್ನೆಲ್ಲ ನುಂಗಿತು.”

ಅಜ್ಜಾರು ಓಲೆಯನ್ನು ನೀಲವ್ವನ ಕೈಗಿಟ್ಟರು.

“ಇಪ್ಪತ್ತು ದಿನಕ್ಕೆ ಹಡಗು. ನೀನು ಹೋಗು.”

“ತಿರುಗಿ ಬರುವುದು ಯಾವಾಗ ಅಜ್ಜಾರೇ?”

“ಓಲೆಯಲ್ಲಿ ಅದಿಲ್ಲ.”

ನೀಲವ್ವ ಇನ್ನೊಮ್ಮೆ ಓದಿದಳು. ನಿಜ, ಇರಲಿಲ್ಲ.

ಅವಳು ಏಳು ಗಿಡ ಆರಿಸಿದಳು. ಜ್ವರಕ್ಕೆ ಅಮೃತಬಳ್ಳಿ, ಕೆಮ್ಮಿಗೆ ಆಡುಸೋಗೆ, ಹೀಗೆ ಆರು. ಏಳನೆಯದು ಮಲ್ಲಿಗೆ. ಅದು ಯಾವ ರೋಗಕ್ಕೆ ಎಂದು ಅಜ್ಜಾರು ಕೇಳಲಿಲ್ಲ.

ಆದರೆ ಗಿಡಗಳ ಮುಂದೆ ಗುದ್ದಲಿ ಹಿಡಿದು ನಿಂತಾಗ ಅವಳ ಕೈ ಏಳಲಿಲ್ಲ.

“ಮಣ್ಣಿಲ್ಲದೆ ಗಿಡ ಕಳಿಸಿ ಅಂತಾರಲ್ಲ ಅಜ್ಜಾರೇ. ನೀರಿಲ್ಲದೆ ಮೀನು ಕಳಿಸಿ ಎಂದ ಹಾಗಾಯಿತು.”

“ಗಿಡ ಮೀನಲ್ಲ. ಹಡಗಿನಲ್ಲಿ ಎಷ್ಟು ದಿನ?”

“ಒಂಬತ್ತು.”

“ಹಾಗಾದರೆ ಒಂದು ಗಿಡ ಇಲ್ಲೇ ಪ್ರಯಾಣ ಮಾಡಲಿ. ಸಾಯುವುದಿದ್ದರೆ ಇಲ್ಲೇ ಸಾಯಲಿ, ನಮಗೂ ಗೊತ್ತಾಗುತ್ತದೆ.”

ಅಜ್ಜಾರೇ ಬಗ್ಗಿ ಒಂದು ಎಳೆಯ ಆಡುಸೋಗೆಯನ್ನು ಕಿತ್ತರು. ಹೊಳೆಗೆ ಒಯ್ದು ಬೇರು ತೊಳೆದರು. ಎಳೆ ಎಳೆಯಾಗಿ ಬೆಳ್ಳಗೆ ಕಾಣುವವರೆಗೂ ತೊಳೆದರು. ಆಮೇಲೆ ಕತ್ತರಿ ಕೇಳಿದರು.

ಅವರು ಎಲೆಗಳನ್ನು ಕತ್ತರಿಸುವುದನ್ನು ಕಂಡು ನೀಲವ್ವನ ಜೀವ ಹೋಯಿತು.

“ಅಯ್ಯೋ, ಮೊದಲೇ ಬಡವಾಗಿದೆ. ಅದನ್ನೂ ಯಾಕೆ ತೆಗೆಯುತ್ತೀರಿ?”

“ಕೀಳುವಾಗ ಅರ್ಧ ಬೇರು ಮಣ್ಣಲ್ಲೇ ಉಳಿಯಿತು. ಎಲೆ ಪೂರ್ತಿ ಉಳಿದರೆ ಅದಕ್ಕೆ ನೀರು ಕುಡಿಸುವವರು ಯಾರು? ಹೋಗುವವರು ಹೊರೆ ಇಳಿಸಬೇಕು.”

ಬೇರಿಗೆ ಒದ್ದೆ ತೆಂಗಿನ ನಾರು ಸುತ್ತಿ, ಅದರ ಮೇಲೆ ಗೋಣಿತಟ್ಟು ಬಿಗಿದು, ಕೊಟ್ಟಿಗೆಯ ಮೂಲೆಯಲ್ಲಿ ಒರಗಿಸಿದರು.

“ಒಂಬತ್ತು ದಿನ ಬಿಚ್ಚಬೇಡ. ನಾರು ಒಣಗದಂತೆ ನೋಡಿಕೋ, ಸಾಕು. ಹತ್ತನೆಯ ದಿನ ಹೊಳೆಮರಳಿನಲ್ಲಿ ನೆಡು. ತೋಟದ ಮಣ್ಣು ಸೋಕದಿರಲಿ. ಬೇರೂರಿತೋ ಇಲ್ಲವೋ ಗಿಡವೇ ಹೇಳುತ್ತದೆ. ನೀನು ಎಳೆದು ನೋಡಬೇಡ.”

ಹತ್ತನೆಯ ದಿನ ನೀಲವ್ವ ಗೋಣಿ ಬಿಚ್ಚಿದಳು. ಕಾಂಡ ಸುಕ್ಕುಗಟ್ಟಿತ್ತು. ಉಳಿದ ಅರ್ಧ ಎಲೆಗಳೂ ಹಳದಿಯಾಗಿ ಜೋತುಬಿದ್ದಿದ್ದವು. ಮರಳಿನಲ್ಲಿ ನೆಟ್ಟರೆ ಒಂದು ಕಡೆಗೆ ವಾಲಿಕೊಂಡಿತು. ಅದಕ್ಕೊಂದು ಕಡ್ಡಿ ಆನಿಸಿ ಅವಳು ತುಂಬಾ ಹೊತ್ತು ಅಲ್ಲೇ ಕುಳಿತಳು.

ಮರುದಿನ ಬೆಳಿಗ್ಗೆ ತೋಟದ ಕಪ್ಪು ಮಣ್ಣು ನಾದಿ ಒಂಬತ್ತು ಉಂಡೆ ಕಟ್ಟಿದಳು. ಆಶ್ರಮದಲ್ಲಿ ವಿಭೂತಿ ಕಟ್ಟುವ ಕೆಲಸವೂ ಅವಳದೇ. ಬೂದಿ ಕಲಸಿದ್ದು ಹೇಗೂ ಇತ್ತು. ಮಣ್ಣಿನ ಉಂಡೆಗಳಿಗೆ ಅದನ್ನು ದಪ್ಪಗೆ ಮೆತ್ತಿ, ನೆರಳಲ್ಲಿ ಒಣಗಿಸಿ, ಚೀಲಕ್ಕೆ ತುಂಬಿದಳು.

ದೇವರ ವಿಭೂತಿಯನ್ನು ಒಡೆದು ನೋಡುವವರು ಯಾವ ದ್ವೀಪದಲ್ಲಿದ್ದಾರೆ?

ಹದಿಮೂರನೆಯ ದಿನ ಅಜ್ಜಾರು ಸ್ನಾನ ಮುಗಿಸಿ ಬಂದು ಅಂಗೈ ಚಾಚಿದರು.

“ನೀಲವ್ವಾ, ವಿಭೂತಿ ಕೊಡು.”

“ನಿಮ್ಮದು ಗೋಡೆಯ ಮಾಡದಲ್ಲಿದೆ ಅಜ್ಜಾರೇ, ತರುತ್ತೇನೆ.”

“ನಿನ್ನ ಚೀಲದ್ದು ಕೊಡು. ಊರು ಬಿಡುವವರ ಕೈಯಿಂದ ತೆಗೆದುಕೊಂಡರೆ ಒಳ್ಳೆಯದಂತೆ.”

ಹಾಗೆಂದು ಯಾರೂ ಹೇಳಿದ್ದನ್ನು ನೀಲವ್ವ ಕೇಳಿರಲಿಲ್ಲ. ಆದರೂ ಕೊಟ್ಟಳು. ಹೊರಗಿನ ಪದರ ದಪ್ಪವಿದೆ, ಮೂರು ಗೆರೆಗೆ ಏನೂ ಆಗುವುದಿಲ್ಲ ಎಂಬ ಧೈರ್ಯ.

ಅಜ್ಜಾರು ಅಂಗೈಯಲ್ಲಿ ನೀರು ಬಿಟ್ಟುಕೊಂಡು ಉಂಡೆ ತೇಯತೊಡಗಿದರು. ತೇದರು. ಇನ್ನೂ ತೇದರು. ಬಿಳಿ ಹೋಗಿ ಬೂದು ಬಂತು. ಬೂದು ಹೋಗಿ ಕಪ್ಪು ಬಂತು. ಅವರು ಕಣ್ಣು ಮುಚ್ಚಿ, ಮೂರು ಬೆರಳು ಅದ್ದಿ, ಹಣೆಗೆ ಅಡ್ಡಡ್ಡ ಮೂರು ಗೆರೆ ಎಳೆದುಕೊಂಡರು. ತೋಳಿಗೂ ಎಳೆದುಕೊಂಡರು.

ಕೆಸರಿನ ಗೆರೆಗಳು.

ನೀಲವ್ವ ಚೀಲದ ಬಾಯಿ ಬಿಗಿದಳು.

ಅಜ್ಜಾರು ಹಾಗೆಯೇ ಅಂಗಳಕ್ಕೆ ನಡೆದರು. ಅಡುಗೆಮನೆಯ ಗೌರವ್ವ ಮೊದಲು ಕಂಡಳು.

“ಇದೇನು ಅಜ್ಜಾರೇ! ಕೆಸರಿಗೆ ಮುಖ ಕೊಟ್ಟು ಬಿದ್ದಿರೇನು?”

“ನೀಲವ್ವ ಕೊಟ್ಟ ವಿಭೂತಿ.”

“ಕಣ್ಣು ಸರಿ ಇದೆಯೇ ನಿಮ್ಮದು? ಒರೆಸಿಕೊಳ್ಳಿ.”

“ಶಿವನ ಹೆಸರು ಹೇಳಿ ಹಚ್ಚಿದ್ದು ಗೌರವ್ವಾ. ಒರೆಸುವಂತಿಲ್ಲ.”

ಆ ದಿನ ಯಾರು ಬಂದರೂ ಇದೇ ಪ್ರಶ್ನೆ, ಇದೇ ಉತ್ತರ. ನೀಲವ್ವ ತೋಟದಿಂದ ಹೊರಗೆ ತಲೆ ಹಾಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಭಕ್ತರು ತಾವೂ ಹಣೆಗೆ ಮಣ್ಣು ಮೆತ್ತಿಕೊಂಡು ಬಂದು ಕುಳಿತರು. ಇದು ಹೊಸ ವ್ರತವೇ, ಎಷ್ಟು ಸೋಮವಾರ ಮಾಡಬೇಕು ಎಂದು ವಿಚಾರಿಸಿದರು.

ಆಗ ಅವಳಿಂದ ತಡೆಯಲಾಗಲಿಲ್ಲ. ಚೀಲ ತಂದು ಅಜ್ಜಾರ ಪಾದದ ಬಳಿ ಸುರಿದಳು.

“ತಪ್ಪಾಯಿತು. ಗಿಡಗಳಿಗಾಗಿ ಮಾಡಿದೆ.”

“ಒಂಬತ್ತು ಉಂಡೆ ಮಣ್ಣಿನಲ್ಲಿ ಎಷ್ಟು ಗಿಡ ನಿಲ್ಲುತ್ತವೆ?”

ನೀಲವ್ವ ಲೆಕ್ಕದಲ್ಲಿ ಗಟ್ಟಿ. ಉತ್ತರ ಗೊತ್ತಿತ್ತು. ಒಂದೂ ಇಲ್ಲ.

“ನನಗಾಗಿ ಮಾಡಿದೆ ಅಜ್ಜಾರೇ,” ಎಂದಳು. “ಆ ಆಡುಸೋಗೆ ನೋಡಿದಿರಲ್ಲ. ಅಲ್ಲಿ ನಾನೂ ಹಾಗೆ ಬಾಡಿದರೆ? ಜ್ವರದ ಮಕ್ಕಳು ನನ್ನನ್ನೇ ನೋಡುತ್ತಿರುತ್ತಾರೆ. ನನ್ನ ಕೈಯಲ್ಲಿ ನನ್ನದು ಎಂಬುದು ಹಿಡಿಯಷ್ಟಾದರೂ ಇರಲಿ ಅಂದುಕೊಂಡೆ.”

ಅಜ್ಜಾರು ಬಯ್ಯಲಿಲ್ಲ. ತಾವು ತೇದ ಉಂಡೆಯನ್ನು ಒಂದು ಮಣ್ಣಿನ ತಟ್ಟೆಯಲ್ಲಿಟ್ಟು, ನೀರು ಚಿಮುಕಿಸಿ, ಅವಳ ಕೈಗೆ ಕೊಟ್ಟರು.

“ಇದನ್ನು ಕಿಟಕಿಯಲ್ಲಿಡು. ದಿನಕ್ಕೆ ಎರಡು ಸಲ ನೀರು.”

ಅದಾದ ಆರನೆಯ ದಿನ ಉಂಡೆ ಬಿರಿಯಿತು. ಬಿರುಕಿನಿಂದ ಹಸಿರು ಸೂಜಿಯೊಂದು ತಲೆ ಎತ್ತಿತು. ನೀಲವ್ವ ಬಗ್ಗಿ ನೋಡಿದಳು. ಯಾರನ್ನೂ ಕೇಳಬೇಕಿರಲಿಲ್ಲ. ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಕಿತ್ತು ಎಸೆದ ಕಳೆ ಅದು. ಜೇಕು.

ತಟ್ಟೆ ಹಿಡಿದುಕೊಂಡು ಓಡಿದಳು.

“ಅಜ್ಜಾರೇ, ಜೇಕಿನ ಗೆಡ್ಡೆ ಒಳಗೇ ಕುಳಿತಿತ್ತು! ನಾನು ಮಣ್ಣು ಜರಡಿ ಹಿಡಿಯಲಿಲ್ಲ.”

“ಹಿಡಿದಿದ್ದರೆ ಸಿಗುತ್ತಿತ್ತೋ?”

“ಇದು ಸಿಗುತ್ತಿತ್ತು. ಸಣ್ಣ ಬೀಜ ಸಿಗುತ್ತಿರಲಿಲ್ಲ.” ಅವಳು ತಟ್ಟೆ ಕೆಳಗಿಟ್ಟಳು. “ಅವರ ಗೆಣಸಿನ ಹೊಲ ಹೋಗುತ್ತಿತ್ತು. ಔಷಧಿ ಕೊಡಲು ಹೋದವಳು ಅನ್ನ ಕಸಿದ ಹಾಗೆ ಆಗುತ್ತಿತ್ತು.”

“ಊರನ್ನು ಗಂಟು ಕಟ್ಟಿದೆ ನೀನು. ಊರಲ್ಲಿ ಇದೂ ಇತ್ತು.”

ಒಂಬತ್ತು ಉಂಡೆಗಳನ್ನೂ ನೀಲವ್ವ ತೋಟದಲ್ಲೇ ಒಡೆದು ಹರವಿದಳು. ಕೈ ತೊಳೆದುಕೊಂಡು ಏಳುವಾಗ ಮರಳಿನಲ್ಲಿದ್ದ ಆಡುಸೋಗೆಯ ಕಡೆ ಕಣ್ಣು ಹೋಯಿತು. ಹಳದಿ ಎಲೆಗಳೆಲ್ಲ ಉದುರಿ ಬರೀ ಕಡ್ಡಿ ನಿಂತಿತ್ತು.

ಬರೀ ಕಡ್ಡಿಯಲ್ಲ. ಎಲೆ ಉದುರಿದ ಪ್ರತಿ ಗಂಟಿನಲ್ಲೂ ಸಾಸಿವೆಯಷ್ಟು ಹಸಿರು.

ಎಳೆದು ನೋಡಬೇಡ ಎಂದಿದ್ದರು ಅಜ್ಜಾರು. ಅವಳು ಆಚೀಚೆ ನೋಡಿ, ಎರಡು ಬೆರಳಲ್ಲಿ ಹಿಡಿದು, ಇಷ್ಟೇ ಇಷ್ಟು ಎಳೆದಳು.

ಬರಲಿಲ್ಲ. ಮರಳನ್ನು ಕಚ್ಚಿ ಹಿಡಿದಿತ್ತು.

“ಎಳೆದೆಯಾ?” ಬೆನ್ನ ಹಿಂದೆ ಅಜ್ಜಾರ ದನಿ.

“ಒಂದೇ ಸಲ.”

“ಏನೆಂದಿತು?”

“ಬೇರೂರಿದ್ದೇನೆ, ಬಿಡು ಎಂದಿತು.”

ಅಜ್ಜಾರು ಬೊಚ್ಚುಬಾಯಿ ಬಿಟ್ಟು ನಕ್ಕರು.

ಅಂದೇ ಏಳು ಗಿಡಗಳನ್ನೂ ಕಿತ್ತು, ತೊಳೆದು, ಎಲೆ ಕತ್ತರಿಸಿ, ನಾರು ಸುತ್ತಿದಳು. ಈ ಸಲ ಕತ್ತರಿ ಅವಳ ಕೈಯಲ್ಲೇ ಇತ್ತು. ಬಿದಿರಿನ ಚೂರುಗಳಲ್ಲಿ ಹೆಸರು, ಊರು ಕೊರೆದು ಕಟ್ಟಿದಳು.

ಅಜ್ಜಾರು ಒಂದೊಂದನ್ನೇ ಓದುತ್ತ ಬಂದು ಮಲ್ಲಿಗೆಯ ಮುಂದೆ ನಿಂತರು.

“‘ಹೆಸರು ಮಲ್ಲಿಗೆ. ಊರು ಆಶ್ರಮ.’ ಇದು ನೀನು ಬರುವಾಗ ನಿನ್ನ ತಾಯಿ ಕೊಟ್ಟ ಕಡ್ಡಿಯಲ್ಲವೇ?”

“ಹೌದು, ಅವ್ವನೇ ಕೊಟ್ಟಳು. ಒದ್ದೆ ಬಟ್ಟೆಯಲ್ಲಿ ಸುತ್ತಿ...” ನೀಲವ್ವ ಅರ್ಧಕ್ಕೇ ನಿಲ್ಲಿಸಿದಳು. “ಮರೆತೇಬಿಟ್ಟಿದ್ದೆ. ಆಶ್ರಮ ಎನ್ನುವುದನ್ನು ಅಳಿಸಲೇ?”

“ಯಾಕೆ? ಸರಿಯಾಗಿಯೇ ಬರೆದಿದ್ದೀ.”

ಇಪ್ಪತ್ತನೆಯ ದಿನ ಬೆಳಿಗ್ಗೆ ಬಂದರಿಗೆ ಒಯ್ಯುವ ದೋಣಿ ಬಂತು. ಗೌರವ್ವ ರೊಟ್ಟಿಯ ಗಂಟು ತಂದು, “ಅಲ್ಲಿಯವರು ಬರೀ ಗೆಣಸು ತಿನ್ನಿಸಿ ನಿನ್ನನ್ನು ಗೆಣಸು ಮಾಡದಿದ್ದರೆ ಸಾಕು,” ಎಂದು ಕಣ್ಣೊರೆಸಿಕೊಂಡಳು. ಏಳು ಗೋಣಿಕಟ್ಟುಗಳು ದೋಣಿಯ ನೆರಳಿನಲ್ಲಿ ಕುಳಿತವು.

ನೀಲವ್ವ ಅಜ್ಜಾರ ಪಾದ ಮುಟ್ಟಿದಳು. ಅವರು ಅಂಗಿಯ ಜೇಬಿನಿಂದ ಎಂಟನೆಯ ಬಿದಿರಿನ ಚೂರು ತೆಗೆದು ಅವಳ ಮಣಿಕಟ್ಟಿಗೆ ಕಟ್ಟಿದರು.

“ಹೋಗುವವರೆಲ್ಲರಿಗೂ ಒಂದೊಂದು ಇರಬೇಕಲ್ಲ.”

ಅಜ್ಜಾರ ಸೊಟ್ಟ ಅಕ್ಷರ. ‘ಹೆಸರು ನೀಲವ್ವ. ಊರು ಬೇರೂರು.’

ಅವಳು ಎರಡು ಸಲ ಓದಿದಳು. ದೋಣಿ ದಡ ಬಿಡುತ್ತಿತ್ತು.

“ಅಜ್ಜಾರೇ, ಇಂಥ ಊರು ಎಲ್ಲಿದೆ? ಬೇರೆ ಊರು ಅಂತಲೇ?”

“ಹಡಗಿನಲ್ಲಿರುವಷ್ಟು ದಿನ ಹಾಗೆ ಓದಿಕೋ,” ಎಂದರು ಅಜ್ಜಾರು. “ಇಳಿದ ಮೇಲೆ ಗಿಡ ಓದುವ ಹಾಗೆ ಓದು.”