ಗೋಡೆ ಮರೆಯ ಭಂಗಿ ಗಿಡ

ಹೊಳೆದಂಡೆಯ ಒಂದು ಮಠದಲ್ಲಿ ಸಿದ್ಧವೀರಜ್ಜ ಎಂಬ ಗುರುವಿದ್ದ. ಜನ ಗಾಂಜಾ ಎಂದು ಕರೆಯುವ ಭಂಗಿ ಗಿಡದ ಹೂವನ್ನು ಬೆಲ್ಲದ ಜೊತೆ ಅರೆದು ನೋವಿಗೆ ಮದ್ದು ಕೊಡುತ್ತಿದ್ದ.

ತಾನೂ ಒಂದು ದಿನ ಮದ್ದು ಕೊಡಬೇಕೆಂಬುದು ಶಿಷ್ಯ ಅಡಿವೆಪ್ಪನ ಆಸೆ. ಆದರೆ ಮಠದಲ್ಲೇ ಮೀಸೆ ನರೆತರೂ ಅವನ ಪಾಲಿಗೆ ಬಂದದ್ದು ಗಿಡಕ್ಕೆ ನೀರು ಹಾಕುವುದು, ಹೂ ಬಿಡಿಸುವುದು, ಅಷ್ಟೇ. ಅರೆಯುವ ಕಲ್ಲನ್ನು ಅಜ್ಜ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಆ ವರ್ಷ ಅಡಿವೆಪ್ಪ ಒಂದಿಷ್ಟು ಸಸಿಗಳನ್ನು ಗೋಡೆಯ ಮರೆಯಲ್ಲಿ, ಬೇವಿನ ಮರದ ಕೆಳಗೆ ನೆಟ್ಟ. ಬಿಸಿಲು ಬಡಿಯಬಾರದು, ಆಡು ಬಾಯಿ ಹಾಕಬಾರದು ಎಂಬ ಕಾಳಜಿ. ಅವು ಸರಸರನೆ ಎದ್ದು ಅವನಿಗಿಂತ ಎತ್ತರವಾದವು. ಅಂಗಳದ ಗಿಡಗಳು ಇನ್ನೂ ಎದೆಮಟ್ಟ ದಾಟಿರಲಿಲ್ಲ. ಅಡಿವೆಪ್ಪನನ್ನು ಹಿಡಿಯುವವರೇ ಇಲ್ಲ!

ಸೊಂಟನೋವಿನ ಯಂಕವ್ವ ಮದ್ದಿಗೆ ಬಂದಾಗ, ಅಡಿವೆಪ್ಪ ಎಲ್ಲಿಯದೆಂದು ಹೇಳದೆ ತನ್ನ ಗಿಡದ ಹೂವನ್ನೇ ಅಜ್ಜನಿಗೆ ತಂದುಕೊಟ್ಟ. ಅಜ್ಜ ಎಂದಿನಂತೆ ಅರೆದು ಕೊಟ್ಟ.

ಮರುದಿನ ಬೆಳಿಗ್ಗೆ ಮುದುಕಿ ಗೋಡೆ ಹಿಡಿದುಕೊಂಡೇ ಒಳಗೆ ಬಂದಳು.

“ಅಜ್ಜಾರ, ನೋವಿಗೆ ರಾತ್ರಿ ಕಣ್ಣ ಮುಚ್ಚಿಲ್ಲ ನೋಡ್ರಿ. ನಿಮ್ಮ ಕೈಗುಣ ಎಲ್ಲಿ ಹೋತು?”

ಅಡಿವೆಪ್ಪನ ಮುಖ ಸಪ್ಪಗಾಯಿತು. ಅವಳು ಅಳುವುದನ್ನು ನೋಡಲಾರದೆ ಎಲ್ಲವನ್ನೂ ಬಾಯಿಬಿಟ್ಟ.

ಅಜ್ಜನಿಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. “ಸ್ವಲ್ಪ ತಡಿಯವ್ವಾ, ಬೇರೆ ಹೂ ತರ್ತೀವಿ” ಎಂದು ಅವಳನ್ನು ಜಗಲಿಯ ಮೇಲೆ ಒರಗಿಸಿ ಎದ್ದ.

“ನಡಿ, ನಿನ್ನ ಗಿಡ ತೋರ್ಸು.”

ಬೇವಿನ ಕೆಳಗೆ ಬಂದು ಅಜ್ಜ ಒಂದು ದಂಟನ್ನು ಬಗ್ಗಿಸಿದ.

“ಈ ಗೆಣ್ಣಿಂದ ಆ ಗೆಣ್ಣಿಗೆ ಕೈ ಇಡು.”

ಅಡಿವೆಪ್ಪ ಕೈ ಇಟ್ಟ. ಗೇಣುದ್ದ ಬರೀ ಕಡ್ಡಿ. ಗೆಣ್ಣಿನ ಹತ್ತಿರ ಮಾತ್ರ ನಾಲ್ಕು ಸಡಿಲವಾದ ಹೂ.

“ಹಂಗಾರ ಎತ್ತರ ಬೆಳಿಯೂದ ದೋಷ ಏನ್ರಿ, ಅಜ್ಜಾರ?”

ಅಜ್ಜ ಅವನನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋದ. ಬಟಾಬಯಲಿನಲ್ಲಿ ಒಂದು ಭಂಗಿ ಗಿಡ ನಿಂತಿತ್ತು. ಅದೂ ಅಷ್ಟೇ ಎತ್ತರ.

“ಇಲ್ಲೂ ಕೈ ಇಡು.”

ಗೆಣ್ಣು ಸಿಗಬೇಕಾದರೆ ಹೂ ಸರಿಸಬೇಕಾಯಿತು. ಬೆರಳೆಲ್ಲ ಅಂಟಂಟಾಯಿತು. ಅಡಿವೆಪ್ಪ ಬೆರಳು ಮೂಸಿದ. ಮತ್ತೆ ಮೂಸಿದ.

“ಇದೂ ಉದ್ದ ಐತಲ್ರಿ! ಮತ್ತ ಇದರಾಗ ಇಷ್ಟು ಹೂ ಹೆಂಗ?”

“ಇದರ ತಳೀನ ಉದ್ದಂದು. ಬಿಸಿಲಾಗ ನಿಂತು ತನ್ನ ಪಾಡಿಗೆ ತಾ ಬೆಳದೈತಿ. ನಿಂದು ಬೆಳದಿಲ್ಲ, ಹುಡುಕೇತಿ.”

“ಏನ್ ಹುಡುಕೇತ್ರಿ?”

ಅಜ್ಜ ಮುಖ ಮೇಲೆತ್ತಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ.

ಅಡಿವೆಪ್ಪನೂ ಮೇಲೆ ನೋಡಿದ. “ಅಂದ್ರ ಇದ್ದ ಬಲ ಎಲ್ಲಾ ಹುಡುಕಾಟಕ್ಕ ಹೋತು. ಹೂವಿಗೆ ಏನೂ ಉಳೀಲಿಲ್ಲ. ಅದಕ್ಕ ಯಂಕವ್ವಗ ನಿದ್ದಿ ಹತ್ತಲಿಲ್ಲ.”

“ಹೂಂ.”

“ಕಿತ್ತು ಒಗೀಲೇನ್ರಿ?”

“ಗಿಡದ್ದೇನು ತಪ್ಪು? ನೆರಳಿನಾಗ ಇಟ್ಟವ್ರು ಯಾರು?”

“ನಾನ್ರಿ.” ಅಡಿವೆಪ್ಪನ ದನಿ ಇಳಿಯಿತು. “ಆದ್ರ ಕೆಟ್ಟ ಮನಸಿಂದ ಇಟ್ಟಿಲ್ರಿ. ಪ್ರೀತಿಯಿಂದನ ಇಟ್ಟೀನ್ರಿ.”

ಅಜ್ಜನ ಕಣ್ಣು ಶಿಷ್ಯನ ನರೆತ ಮೀಸೆಯ ಮೇಲೆ ನಿಂತಿತು.

ಜಗಲಿಯಿಂದ ಯಂಕವ್ವ ನರಳುವುದು ಕೇಳಿಸಿತು. ಅಡಿವೆಪ್ಪ ಗಡಿಬಿಡಿಯಿಂದ ಬಯಲಿನ ಗಿಡದ ಹೂ ಬಿಡಿಸಿ, ಎರಡೂ ಕೈಯಲ್ಲಿ ಅಜ್ಜನ ಮುಂದೆ ಹಿಡಿದ.

“ತಗೋರಿ ಅಜ್ಜಾರ, ಲಗೂನ ಅರೀರಿ. ಪಾಪ, ಮುದುಕಿ ಭಾಳ ಒದ್ದಾಡಾಕತ್ತಾಳ.”

ಅಜ್ಜ ಕೈ ಚಾಚಲಿಲ್ಲ. ಅಲ್ಲೇ ದಂಡೆಯ ಮೇಲೆ ಕೂತುಬಿಟ್ಟ.

“ನಾನೂ ನಿನ್ನ ಪ್ರೀತಿಯಿಂದನ ನೆರಳಿನಾಗ ಇಟ್ಟೀನಿ, ಅಡಿವೆಪ್ಪಾ. ಹೋಗು, ನೀನ ಅರದು ಕೊಡು. ನಾ ಇಲ್ಲೇ ಕುಂತಿರ್ತೀನಿ.”