ಗುರ್ ಅನ್ನದ ನಾಯಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರಲಿಲ್ಲ ಅನ್ನೋ ಕಾಲದಲ್ಲಿ, ಒಂದು ಕುರಿಹಟ್ಟಿ ಇತ್ತಂತೆ, ಆ ಹಟ್ಟಿಯಲ್ಲಿ ಕ್ಯಾತಮ್ಮ ಅಂತ ಒಬ್ಬ ಯಜಮಾನಿ ಇದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ದೊಡ್ಡೋನು ಬೊಮ್ಮಯ್ಯ, ನಡುವಿನೋನು ಜುಂಜಣ್ಣ, ಕಿರಿಯೋನು ಚಿತ್ತಯ್ಯ. ಬೊಮ್ಮಯ್ಯನಿಗೆ ಈರಕ್ಕ ಅಂತ ಮೂರು ವರ್ಷದ ಮಗಳು, ಥೇಟ್ ನಿನ್ನ ಹಾಗೇ, ಹೇಳಿದ ಮಾತು ಒಂದೂ ಕೇಳಳು. ಕುರಿ ಕಾಯೋಕೆ ಬಿಳಿಗಾಲ ಅಂತ ಒಂದು ನಾಯಿ, ಮೈಯೆಲ್ಲ ಕಪ್ಪು, ನಾಲ್ಕು ಕಾಲು ಮಾತ್ರ ಸುಣ್ಣದಲ್ಲಿ ಅದ್ದಿದ ಹಾಗೆ ಬಿಳುಪು.

ಆ ನಾಯಿಗೆ ಒಂದು ಗುಣ. ಉಣ್ಣುವಾಗ ಯಾರಾದರೂ ಹತ್ತಿರ ಹೋದರೆ ಗುರ್ ಅನ್ನೋದು, ಮಲಗಿದ್ದಾಗ ಎಬ್ಬಿಸಿದರೆ ಗುರ್ ಅನ್ನೋದು, ತಲೆ ಮುಟ್ಟೋಕೆ ಹೋದರಂತೂ ಹಲ್ಲು ತೋರಿಸಿ ಗುರ್ರ್ ಅನ್ನೋದು. ಅಷ್ಟೇ ಮತ್ತೆ, ಕೈ ಹಿಂದಕ್ಕೆ ತಗೊಂಡರೆ ಅದೂ ಸುಮ್ಮನಾಗೋದು. ಹುಟ್ಟಿದಾಗಿಂದ ಒಂದು ಜೀವಕ್ಕೂ ಅದು ಹಲ್ಲು ತಾಗಿಸಿರಲಿಲ್ಲವಂತೆ.

ಹೀಗಿರುವಾಗ ಚಿತ್ತಯ್ಯನಿಗೆ ಒಂದು ಹೆಣ್ಣು ನೋಡಿದರಂತೆ, ಹೆಣ್ಣಿನ ಕಡೆಯೋರು ಮನೆ ನೋಡೋಕೆ ಬಂದರಂತೆ. ಹೆಣ್ಣಿನ ಸೋದರಮಾವ ಕಂಬಳಿ ಮೇಲೆ ಕೂತ, ಬೆಲ್ಲ ನೀರು ಕುಡಿದ, ಆಮೇಲೆ ಸುಮ್ಮನಿರೋಕಾಗದೆ ಬಿಳಿಗಾಲನ ತಲೆ ಸವರೋಕೆ ಕೈ ಚಾಚಿದ, ಅದು ಗುರ್ರ್ ಅಂತು, ಇವನು ಹೌಹಾರಿ ಹಿಂದಕ್ಕೆ ಬಿದ್ದ, ರುಮಾಲು ಉರುಳಿ ಕುರಿಹಿಕ್ಕೆಯಲ್ಲಿ ಬಿತ್ತು. ಇನ್ನು ಕೇಳಬೇಕೇ? ಈ ಮನೆ ನಾಯೀನೇ ನೆಂಟರ ಮೇಲೆ ಹೀಗೆ ಗುರುಗುಟ್ಟಿದರೆ ಮನೆ ಜನ ನಮ್ಮ ಹುಡುಗೀನ ಹೆಂಗೆ ನೋಡ್ಕೊಂಡಾರು ಅಂತ ಮುಖ ಊದಿಸಿಕೊಂಡು ಎದ್ದೇ ಹೋದರಂತೆ.

ಕ್ಯಾತಮ್ಮನಿಗೆ ಭೂಮಿ ಬಾಯಿಬಿಟ್ಟರೆ ಇಳಿದು ಹೋಗೋಣ ಅನ್ನಿಸ್ತಂತೆ. ಮೂರೂ ಮಕ್ಕಳನ್ನ ಕರೆದು, ಆ ನಾಯಿ ಗುರ್ ಅನ್ನೋದು ಇನ್ನೊಂದು ಸಲ ನನ್ನ ಕಿವಿಗೆ ಬೀಳಕೂಡದು, ಏನು ಮಾಡ್ತೀರೋ ಮಾಡಿ ಅಂದಳಂತೆ. ಅಂದೋಳು ಅವಳೇ, ನೆನಪಿಟ್ಟುಕೋ.

ಆಮೇಲೆ ದೊಡ್ಡೋನು ಕೋಲು ತಗೊಂಡ, ನಾಯಿ ಗುರ್ ಅಂದಾಗೆಲ್ಲ ಬೆನ್ನ ಮೇಲೆ ಒಂದು. ನಡುವಿನೋನು ಅದನ್ನ ತಿಪ್ಪೆ ಪಕ್ಕದ ಗೂಟಕ್ಕೆ ಗಿಡ್ಡ ಸರಪಳಿಯಲ್ಲಿ ಬಿಗಿದ, ಗುರ್ ಅಂದ ದಿನ ಮುದ್ದೆಯೂ ಇಲ್ಲ, ನೀರೂ ಇಲ್ಲ. ಕಿರಿಯೋನು, ಯಜಮಾನ ಯಾರು ಅಂತ ತೋರಿಸ್ತೀನಿ ಅಂತ ಅದನ್ನ ಅಂಗಾತ ಕೆಡವಿ ಕತ್ತಿನ ಮೇಲೆ ಮೊಣಕಾಲು ಊರಿದ. ಅಬ್ಬಬ್ಬಾ! ದಿನಾ ಕುರಿಮರೀನ ಎದೆಗೆ ಅವಚಿಕೊಂಡು ಬರೋ ಜನ ಕಣೇ ಇವರು, ಅವರಿಗೆ ಮನಸ್ಸಾದರೂ ಹೆಂಗೆ ಬಂತೋ ಕಾಣೆ. ಒಂಬತ್ತು ದಿನ ಹೀಗೆ ನಡೀತಂತೆ, ಹತ್ತನೇ ದಿನ ತಲೆ ಮುಟ್ಟಿದರೆ ನಾಯಿ ಉಸಿರೆತ್ತಲಿಲ್ಲವಂತೆ.

ಹಟ್ಟಿಗೆ ಹಟ್ಟಿಯೇ ನೋಡೋಕೆ ಬಂತು. ಸೋದರಮಾವನನ್ನೂ ಕರೆಸಿದರು, ಅವನು ತಲೆ ಸವರಿದ, ಅದು ಮರದ ಕೊರಡಿನ ಹಾಗೆ ನಿಂತೇ ಇತ್ತು, ಎಂಥ ಸಾಧು ಪ್ರಾಣಿ ಅಂತ ಮೆಚ್ಚಿ ವೀಳ್ಯ ಬದಲಾಯಿಸಿ ಹೋದ. ಕ್ಯಾತಮ್ಮನಿಗೆ ಮಾತ್ರ ಏನೋ ಒಂಥರಾ. ಅದರ ಬಾಲ ಹೊಟ್ಟೆಗೆ ಅಂಟಿತ್ತು, ಕಣ್ಣಂಚಿನಲ್ಲಿ ಬಿಳುಪು ಕಾಣ್ತಿತ್ತು. ಆದರೆ ಮದುವೆ ಸಂಭ್ರಮ ನೋಡು, ಕಂಡೂ ಕಾಣದ ಹಾಗೆ ಒಳಗೆ ಹೋದಳಂತೆ.

ಆಮೇಲೆ ಏನಾಯ್ತು ಗೊತ್ತಾ? ಮೂರನೇ ದಿನ, ಹಾಡಹಗಲು, ಕ್ಯಾತಮ್ಮ ಅಂಗಳದಲ್ಲಿ ರಾಗಿ ಹಸನು ಮಾಡ್ತಾ ಕೂತಿದ್ದಾಳೆ, ಈರಕ್ಕ ಒಂದು ಕೈಲಿ ಮುದ್ದೆ ಚೂರು ಹಿಡಕೊಂಡು ಬಿಳಿಗಾಲನ ಹತ್ತಿರ ಹೋಗಿ ಇನ್ನೊಂದು ಕೈಲಿ ಅದರ ಕಿವಿ ಹಿಡಕೊಂಡಿತು. ಗುರ್ ಇಲ್ಲ. ಹಲ್ಲು ತೋರಿಸಲಿಲ್ಲ. ಸಣ್ಣ ಸದ್ದೂ ಮಾಡದೆ ನಾಯಿ ಮಗೂನ ಕೈ ಕಚ್ಚಿಬಿಟ್ಟಿತಂತೆ!

ಮೊರ ಎತ್ತಲೋ, ರಾಗಿ ಎತ್ತಲೋ. ಕ್ಯಾತಮ್ಮ ಓಡಿಬಂದು ಮಗೂನ ಬಾಚಿಕೊಂಡರೆ ಸೆರಗೆಲ್ಲ ರಕ್ತ. ಕೊಡಗಟ್ಟಲೆ ನೀರು ಹೊಯ್ದು ತೊಳೆದರಂತೆ, ಪುಣ್ಯಕ್ಕೆ ಕೈ ಉಳೀತಂತೆ, ನಾಲ್ಕು ಹಲ್ಲಿನ ಗುರುತು ಮಾತ್ರ ನಿಂತ್ವು. ಆ ಕಾಲದಲ್ಲಿ ಸೂಜಿ ಇರಲಿಲ್ಲ, ನೀನು ಮಾತ್ರ ನಾಯಿ ಹಲ್ಲು ಒಂಚೂರು ತಾಗಿದರೂ ಮುಚ್ಚಿಡಬೇಡ, ಓಡಿಬಂದು ಹೇಳು, ಆಸ್ಪತ್ರೆಗೆ ಹೋಗೋಣ. ಹ್ಞಾ, ಎಲ್ಲಿದ್ದೆ? ಮೂರು ಜನ ಮಕ್ಕಳೂ ಒನಕೆ ಕೊಡಲಿ ಹಿಡಿದು ಬಂದರಂತೆ.

ಕ್ಯಾತಮ್ಮ ನಾಯಿ ಕಡೆ ತಿರುಗಿ, ಥೂ ಪಾಪಿ, ಕಚ್ಚೋಕೆ ಮುಂಚೆ ಒಂದು ಸಲ ಗುರ್ ಅನ್ನಬಾರದಾಗಿತ್ತೇನೋ, ಅಂದಿದ್ದರೆ ನಾನು ಮಗೂನ ಎಳ್ಕೊಳ್ತಿದ್ದೆನಲ್ಲೋ ಅಂದಳಂತೆ. ಅಂದೋಳು ಅಲ್ಲೇ ನಿಂತುಬಿಟ್ಟಳಂತೆ. ತನ್ನ ಮಾತು ತನ್ನ ಕಿವಿಗೇ ಬಿತ್ತಂತೆ. ಅಂತಿತ್ತಲ್ಲ, ಇಷ್ಟು ವರ್ಷ ಗುರ್ ಅಂತಾನೇ ಇತ್ತಲ್ಲ, ಅನ್ನಬೇಡ ಅಂದೋಳು ನಾನೇ ಅಲ್ಲವಾ ಶಿವನೇ!

ಆಮೇಲೆ ಮಕ್ಕಳಿಗೂ ನಾಯಿಗೂ ನಡುವೆ ಹೋಗಿ ನಿಂತುಕೊಂಡಳಂತೆ, ಮೊದಲು ನನ್ನನ್ನ ಹೊಡೀರಿ ಅಂದಳಂತೆ. ಬೊಮ್ಮಯ್ಯ ಅಳ್ತಾ ಅಂದ, ಮಗು ನಂದು ಕಣವ್ವ, ಅಮಾವಾಸ್ಯೆ ತನಕ ಬಿಡ್ತೀನಿ, ಅಷ್ಟರೊಳಗೆ ಅದು ಮತ್ತೆ ಗುರ್ ಅನ್ನಬೇಕು, ಹೇಳದೆ ಕಚ್ಚೋ ನಾಯಿ ಮಕ್ಕಳಿರೋ ಹಟ್ಟೀಲಿ ಉಳೀಬಾರದು. ಕ್ಯಾತಮ್ಮನಿಗೂ ಅದು ಸುಳ್ಳು ಅನ್ನೋಕಾಗಲಿಲ್ಲವಂತೆ.

ಗುಡ್ಡದ ಆಚೆ ಸಿದ್ದಜ್ಜಿ ಅಂತ ಇದ್ದಳಂತೆ, ಏಳು ನಾಯಿ ಸಾಕಿದೋಳು, ಒಂದಕ್ಕೂ ಸರಪಳಿ ಇಲ್ಲ. ಕ್ಯಾತಮ್ಮ ಹೋಗಿ ನಡೆದದ್ದೆಲ್ಲ ಹೇಳಿದರೆ ಸಿದ್ದಜ್ಜಿ ಕೈಲಿದ್ದ ನೂಲೋ ಕದಿರು ಕೆಳಗೆ ಬಿತ್ತಂತೆ. ಗುರ್ ಅನ್ನೋದನ್ನ ಬಿಡಿಸಿದ್ರಾ? ಅಯ್ಯೋ ನಿಮ್ಮ ಬುದ್ಧಿಗೆ ಬೆಂಕಿ ಬೀಳ, ಭಯ ಆಗ್ತದೆ, ನೋಯ್ತದೆ, ದೂರ ಇರ್ರಪ್ಪಾ ಅಂತ ಅದು ಮರ್ಯಾದೆಯಾಗಿ ಹೇಳ್ತಿತ್ತಲ್ಲೇ ತಾಯಿ! ನೀವು ಭಯ ತೆಗೀಲಿಲ್ಲ, ನೋವು ತೆಗೀಲಿಲ್ಲ, ಬಾಯಿ ಮಾತ್ರ ಕಟ್ಟಿದ್ರಿ. ಹೋಗು, ಮೂರು ಕೆಲಸ ಮಾಡು. ಸರಪಳಿ ಬಿಚ್ಚಿ, ಮಗು ನುಗ್ಗದ ಹಾಗೆ ಬೇಲಿ ಕಟ್ಟಿ ಒಳಗೆ ಬಿಡು, ಉಣ್ಣುವಾಗ ಯಾರೂ ಅತ್ತ ಸುಳೀಬೇಡಿ. ಆಮೇಲೆ ದಿನಾ ಹೋಗಿ ಪಕ್ಕಕ್ಕೆ ಮುಖ ಮಾಡಿ ಕೂರು, ರೊಟ್ಟಿ ಚೂರು ಎಸೆ, ಕೈ ಚಾಚಬೇಡ, ತಾನಾಗಿ ಬರಲಿ. ಬಂದ ಮೇಲೆ ಎಲ್ಲಿ ನೋಯ್ತದೆ ಅಂತ ಹುಡುಕು ಅಂದಳಂತೆ.

ಕ್ಯಾತಮ್ಮ ಮಕ್ಕಳ ಕೈಲೇ ಬೇಲಿ ಕಟ್ಟಿಸಿದಳಂತೆ, ಕೋಲು ಹಿಡಿದು ಯಾರಾದರೂ ಹತ್ತಿರ ಬಂದರೆ ನಾನೇ ಕಚ್ತೀನಿ ಅಂತ ಹೆದರಿಸಿದಳಂತೆ. ದಿನಾ ಹೋಗಿ ಕೂತಳು, ರೊಟ್ಟಿ ಎಸೆದಳು, ನಾಯಿ ಮೂಲೆ ಬಿಟ್ಟು ಅಲ್ಲಾಡಲಿಲ್ಲ. ನಾಲ್ಕನೇ ದಿನ ಒಂದು ಹೆಜ್ಜೆ ಬಂತು, ಆರನೇ ದಿನ ಬೆನ್ನು ಮೂಸಿತು, ಒಂಬತ್ತನೇ ದಿನ ಬಂದು ಅವಳ ಮಡಿಲಲ್ಲಿ ಗದ್ದ ಊರಿತಂತೆ. ಆಗ ಮೆಲ್ಲಗೆ ಕಿವಿ ಒಳಗೆ ಇಣುಕಿ ನೋಡ್ತಾಳೆ, ಅಯ್ಯಯ್ಯಪ್ಪಾ, ಉಣ್ಣಿ ಗೊಂಚಲು ಗೊಂಚಲಾಗಿ ಕಚ್ಚಿಕೊಂಡಿವೆ, ಒಳಗೆಲ್ಲ ಹುಣ್ಣು, ಕೀವು! ಆ ಕಿವಿ ಪಕ್ಕಾನೇ ಸೋದರಮಾವ ಸವರಿದ್ದು, ಅದೇ ಕಿವೀನ ಮಗು ಹಿಡಿದದ್ದು, ಈ ನೋವಿನ ಮೇಲೆ ಒಂಬತ್ತು ದಿನ ಹೊಡೆಸಿದ್ದು. ಕ್ಯಾತಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳಂತೆ.

ದಿನಾ ಬೇವಿನೆಣ್ಣೆ ಬಿಟ್ಟು ಒಂದೊಂದೇ ಉಣ್ಣಿ ತೆಗೆದಳು, ಅದರ ಮೈ ಬಿಗಿಯಾದರೆ ಕೈ ತೆಗೆದು ಕಾದಳು. ಹುಣ್ಣು ಮಾಗ್ತಾ ಬಂತು, ಬಾಲ ಹೊಟ್ಟೆ ಬಿಟ್ಟು ಈಚೆ ಬಂತು. ಗುರ್ ಮಾತ್ರ ಇಲ್ಲ. ಒಂದು ಸಲ ಅನ್ನೋ ನನ್ನಪ್ಪ ಅಂತ ಬೇಡಿಕೊಂಡರೂ ಇಲ್ಲ. ಅಷ್ಟರಲ್ಲಿ ಅಮಾವಾಸ್ಯೆ ಬಂದೇ ಬಿಡ್ತಂತೆ.

ಬೆಳಗ್ಗೆ ಬೊಮ್ಮಯ್ಯ ಹಗ್ಗ ಹಿಡಿದು ಬೇಲಿ ದಾಟಿ ಬಂದ, ಹಿಂದೆ ತಮ್ಮಂದಿರು. ಆಯ್ತಲ್ಲವ್ವ, ಇನ್ನು ಬಿಡು ಅಂತ ನಾಯಿ ಕತ್ತಿನ ಕಡೆ ಕೈ ಚಾಚಿದ. ಬಿಳಿಗಾಲನ ತುಟಿ ಅದುರಿತಂತೆ. ಗಂಟಲೊಳಗಿಂದ, ಎಲ್ಲೋ ಬಾವಿ ತಳದಿಂದ ಬಂದ ಹಾಗೆ, ಗುರ್.

ಕೈ ತೆಗಿಯೋ ಅಂತ ಕ್ಯಾತಮ್ಮ ಕೂಗಿದಳು. ಬೊಮ್ಮಯ್ಯ ಬೆಚ್ಚಿಬಿದ್ದು ಕೈ ತೆಗೆದ, ನಾಯಿ ಸುಮ್ಮನಾಯ್ತು. ನಂಬೋಕಾಗದೆ ಇನ್ನೊಂದು ಸಲ ಚಾಚಿದ, ಗುರ್ ಅಂತು, ತೆಗೆದ, ಸುಮ್ಮನಾಯ್ತು. ಮೂರನೇ ಸಲ ಚಾಚೋಕೆ ಅವನ ಕೈ ಏಳಲೇ ಇಲ್ಲವಂತೆ. ಹಗ್ಗ ಬಿಟ್ಟು ನೆಲದ ಮೇಲೆ ಕೂತ, ಇಷ್ಟೇನಾ ಅವ್ವ, ಇಷ್ಟಕ್ಕೇನಾ ನಾನು ಹೊಡೆದದ್ದು ಅಂದನಂತೆ. ಕ್ಯಾತಮ್ಮ ಎದ್ದು ಹಟ್ಟಿಯೆಲ್ಲ ಓಡಿದಳಂತೆ, ಗುರ್ ಅಂತು ಕಣ್ರೋ, ನಮ್ಮ ಬಿಳಿಗಾಲ ಗುರ್ ಅಂತು ಅಂತ ಅಳ್ತಾ ನಗ್ತಾ.

ಮದುವೆ ಚೆನ್ನಾಗಿ ಆಯ್ತಂತೆ, ಬಿಳಿಗಾಲ ಕುರಿ ಹಿಂದೆ ಹೋಯ್ತಂತೆ. ಈರಕ್ಕ ದೂರ ನಿಂತು ಅದನ್ನ ಕರೆಯೋಳು, ಪಕ್ಕದಲ್ಲಿ ಅಪ್ಪ ನಿಂತಿರೋನು, ಅದು ಬಂದರೆ ಬಂತು, ಬೇಡ ಅಂದರೆ ಬೇಡ. ಅಲ್ಲಿಗೆ ಆ ಹಟ್ಟಿ ತಣ್ಣಗಾಯ್ತು, ನನ್ನ ಕತೆ ಮುಗೀತು, ಇನ್ನು ಕಾಲು ಒದೀಬೇಡ, ಮಲಕ್ಕೋ.